ಹನ್ನೊಂದು ಯೂನಿಟ್ಟು

"ಮೇಜು ಗಟ್ಟಿಯಾಗಿ ಹಿಡ್ಕೋ ಸಲೋಮತ್. ನಾನು ಬಿದ್ರೆ ಆಸ್ಪತ್ರೆಗೆ ಸೇರಿಸೋಕೂ ನೀನು ಗಂಡನ ಅಪ್ಪಣೆ ಕೇಳ್ಬೇಕಾಗುತ್ತೆ," ಎಂದಳು ರುಫಿನಾ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂಡ್ರೈವರನ್ನು ಕೈಗೆ ತೆಗೆದುಕೊಂಡು.

ಎದುರು ಮನೆಯ ರುಫಿನಾಳಿಗೆ ಅರವತ್ತಾರು. ಹತ್ತಿ ಮಿಲ್ಲಿನಲ್ಲಿ ಮೂವತ್ತು ವರ್ಷ ವೈರು, ಮೋಟಾರು ಎಂದು ಏಗಿದವಳಿಗೆ ಮೇಜು ಹತ್ತುವುದು ದೊಡ್ಡ ಮಾತಾಗಿರಲಿಲ್ಲ. ಸೋವಿಯತ್ ಕಾಲದ ಆ ಕಟ್ಟಡದಲ್ಲಿ ಕೋಣೆಯ ಚಾವಣಿಗೊಂದೇ ಕೊಕ್ಕೆ. ಫ್ಯಾನು ಮೇಲೇರಬೇಕಾದರೆ ಮದುವೆಗೆ ಬಂದ ಗಾಜಿನ ದೀಪದ ಗೊಂಚಲು ಕೆಳಗಿಳಿಯಬೇಕು. ಅದೀಗ ಕಂಬಳಿಯ ಮೇಲೆ ಮಲಗಿತ್ತು. ಮೂರು ವರ್ಷದ ಓಯ್ದಿನ್ ಒಂದೊಂದೇ ಗಾಜಿನ ಹನಿಯನ್ನು ಮುಟ್ಟಿ ನೋಡುತ್ತಿದ್ದಳು. ಮಗುವಿನ ಕುತ್ತಿಗೆಯ ತುಂಬ ಬೆವರುಸಾಲೆ.

ಗಡಿಯ ಊರು ತೆರ್ಮೆಝಿನಲ್ಲಿ ಚಿಲ್ಲಾ, ಅಂದರೆ ಬೇಸಿಗೆಯ ಆ ಸುಡುವ ನಲವತ್ತು ದಿನ, ಹಿಡಿದು ಹನ್ನೆರಡು ದಿನವಾಗಿತ್ತು. ನಾಲ್ಕನೇ ಮಹಡಿ, ಮೇಲೆ ಡಾಂಬರು ಬಳಿದ ಚಾವಣಿ ಬಿಟ್ಟರೆ ಆಕಾಶವೇ. ಫ್ಯಾನು ಗಡಿನದಿಯಾಚೆಯ ದೇಶದಿಂದ ಲಾರಿಯಲ್ಲಿ ಬಂದ ಮಾಲು. ರುಫಿನಾಳೇ ಸಂತೆಯಲ್ಲಿ ಚೌಕಾಸಿ ಮಾಡಿ ತಂದಿದ್ದಳು. ಗುಂಡಿ ಒತ್ತಿದಾಗ ಮೂರು ರೆಕ್ಕೆಗಳೂ ಗೊಣಗುತ್ತ ಸುತ್ತತೊಡಗಿದವು. ಓಯ್ದಿನ್ ಬಾಯಿ ತೆರೆದು ನೋಡಿದಳು.

"ಒಂದು ಮಾತು ತಿಳ್ಕೋ," ಎಂದಳು ರುಫಿನಾ, ಇಳಿದು ಮೊಣಕಾಲು ಉಜ್ಜಿಕೊಳ್ಳುತ್ತ. "ಇದು ಕೋಣೆ ತಣ್ಣಗೆ ಮಾಡಲ್ಲ, ಮನುಷ್ಯರನ್ನ ಮಾಡುತ್ತೆ. ಹೊರಗೆ ಹೋಗೋವಾಗ ಆರಿಸು."

"ನಾನೆಲ್ಲಿ ಹೊರಗೆ ಹೋಗ್ತೀನಿ ಅಕ್ಕ."

"ಅದೂ ನಿಜ. ಸಂತೆ ಕಡೆ ಮಕ್ಕಳ ಚಿಕಿತ್ಸಾಲಯದಲ್ಲಿ ಚುಚ್ಚುಮದ್ದು ಹಾಕೋಕೆ ನರ್ಸು ಬೇಕಂತೆ, ಬಾಗಿಲಿಗೆ ಚೀಟಿ ಅಂಟಿಸಿದಾರೆ. ನೀನು ಹೇಗೂ ಹೋಗಲ್ಲ. ಸುಮ್ನೆ ಹೇಳ್ದೆ."

ಮದುವೆಗೆ ಮುಂಚೆ ಎರಡು ವರ್ಷ ಸಲೋಮತ್ ಅದೇ ಚಿಕಿತ್ಸಾಲಯದಲ್ಲಿ ನರ್ಸಾಗಿದ್ದವಳು. ಗಂಡ ಎರ್ಗಶ್ ದೂರದೇಶದ ಕಜಾನ್ ನಗರದಲ್ಲಿ ಗೋದಾಮಿನ ಕೆಲಸಕ್ಕೆ ಹೋದಾಗ, ತಿರುಗಿ ಸೇರಲೇ ಎಂದು ಕೇಳಿದ್ದಳು. "ನಾನು ಬಂದ ಮೇಲೆ ನೋಡೋಣ," ಎಂದಿದ್ದ. ಇದು ಮೂರನೇ ಬೇಸಿಗೆ. ಕೆಳಗಿನ ರೊಟ್ಟಿ ಅಂಗಡಿ, ತಿಂಗಳಿಗೊಮ್ಮೆ ಮೈದುನನ ಕಾರಿನಲ್ಲಿ ಅತ್ತೆಯ ಊರು. ಅವಳ ಓಡಾಟ ಅಲ್ಲಿಗೆ ಮುಗಿಯುತ್ತಿತ್ತು.

ಜೂನ್ ತಿಂಗಳ ಕರೆಂಟು ರಿಯಾಯಿತಿಯ ಮಿತಿ ದಾಟಿದ್ದೇ ಎರ್ಗಶ್ ರೇಗಿದ್ದ. ಹೊಸ ಮೀಟರು, ನಿನ್ನೆ ಎಷ್ಟು ಉರಿಯಿತೆಂದು ಎಲ್ಲಿದ್ದವರ ಫೋನಿಗೂ ತೋರಿಸುತ್ತಿತ್ತು. "ದಿನಕ್ಕೆ ಹನ್ನೊಂದು ಯೂನಿಟ್ಟು. ಮನೇಲಿರೋದು ಒಂದೂವರೆ ಜನ. ಐಸ್ ಫ್ಯಾಕ್ಟ್ರಿ ಇಟ್ಟಿದೀಯಾ?" ಎಂದಿದ್ದ. ಹೇಳದೆಯೇ ಉಳಿಸಿ ತೋರಿಸಬೇಕೆಂದು ಅವಳಿಗೆ ಆಸೆಯಾದದ್ದು ಆಗಲೇ.

ಫ್ಯಾನು ಬಂದ ಮೇಲೆ ನಾಲ್ಕು ದಿನ ಗೋಡೆಯ ಎಸಿ ಮುಟ್ಟಲಿಲ್ಲ. ಒದ್ದೆ ಬಟ್ಟೆ ಹೊದ್ದು ಫ್ಯಾನಿನ ಕೆಳಗೆ ಮಲಗಿದರೆ ಮಧ್ಯಾಹ್ನಗಳೂ ಕಳೆದವು. ಮಗುವಿನ ಕುತ್ತಿಗೆ ಒಣಗಿತು. ಐದನೆಯ ದಿನ ಒಂದು ಗಂಟೆಗೆ, ಊಟದ ಬಿಡುವಿನಲ್ಲಿ, ಎಂದಿನಂತೆ ಎರ್ಗಶನ ವಿಡಿಯೊ ಕರೆ ಬಂತು. ಪರದೆಯಲ್ಲಿ ಅವನ ಹಿಂದೆ ಗಂಡಸರು ಸಾಲಾಗಿ ಕೂತು ಸೂಪು ಕುಡಿಯುತ್ತಿದ್ದರು. ಸಲೋಮತ್ ನಗುತ್ತ ಫೋನನ್ನು ಮುಖದೆದುರು ಹಿಡಿದಳು.

"ಎಲ್ಲಿದ್ದೆ?" ಎಂದ ಅವನು.

"ಮನೇಲಿ. ಇನ್ನೆಲ್ಲಿ?"

"ನಾಲ್ಕು ದಿನದಿಂದ ನಾಲ್ಕು ಯೂನಿಟ್ಟು ದಾಟಿಲ್ಲ ಮೀಟರು. ಅಲ್ಲಿ ನಲವತ್ತೈದು ಡಿಗ್ರಿ. ಎಸಿ ಇಲ್ದೆ ಆ ಮನೇಲಿ ಯಾರಿರ್ತಾರೆ?"

"ಫ್ಯಾನ್ ಹಾಕ್ಸಿದೀನಿ ರೀ. ನೋಡಿ." ಅವಳು ಫೋನನ್ನು ಮೇಲಕ್ಕೆ ತಿರುಗಿಸಿದಳು.

"ಯಾರು ಬಂದು ಹಾಕಿದ್ದು?"

"ರುಫಿನಾ ಅಕ್ಕ."

"ಆ ಮುದುಕಿ? ಮೇಜು ಹತ್ತಿ?" ಎರ್ಗಶ್ ನಕ್ಕ. ಆಮೇಲೆ ಎದ್ದು ಗೋಡೆಯ ಕಡೆ ಹೋಗಿ ದನಿ ತಗ್ಗಿಸಿದ. "ಸಲೋಮತ್, ಇಲ್ಲಿ ನನ್ನ ಪಕ್ಕದ ಮಂಚದವನ ಹೆಂಡ್ತಿನೂ ಹೀಗೇ. ಮೊದಲು ಮನೇಲಿ ದೀಪ ಉರೀತಿರಲಿಲ್ಲವಂತೆ. ಆಮೇಲೆ ಅವಳೇ ಇರಲಿಲ್ಲ. ಅವನು ಈಗ ಊಟ ಮಾಡ್ತಿಲ್ಲ, ಗೊತ್ತಾ?"

ಅವನ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಸಲೋಮತಳಿಗೆ ಸಿಟ್ಟಿಗಿಂತ ಮೊದಲು ಅವನ ನಿದ್ದೆಗೆಟ್ಟ ಮುಖವೇ ಕಂಡಿತು.

"ನಾನೇನು ಮಾಡ್ಲಿ ಹೇಳಿ," ಎಂದಳು.

"ಎಸಿ ಹಾಕು. ದುಡ್ಡು ಹೋದ್ರೆ ಹೋಗ್ಲಿ. ನೀವು ಮನೇಲಿದೀರಿ ಅಂತ ನಂಗೆ ಗೊತ್ತಾಗ್ಬೇಕು, ಅಷ್ಟೇ."

ಹಾಕಿದಳು. ಕಿಟಕಿ ಮುಚ್ಚಿ, ಪರದೆ ಎಳೆದು, ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಆ ತಂಪಿನಲ್ಲಿ ಕೂತರು. ಓಯ್ದಿನಳ ಮೂಗು ಸೋರತೊಡಗಿತು. ಗೋಡೆಯ ಮೇಲಿನ ಆ ಬಿಳಿ ಪೆಟ್ಟಿಗೆ ಉಸಿರಾಡುವುದನ್ನು ಕೇಳುತ್ತ, ಯಾರೋ ಪಕ್ಕದಲ್ಲೇ ಕೂತು ತನ್ನನ್ನು ನೋಡುತ್ತಿದ್ದಾರೆ ಎನಿಸಿ ಸಲೋಮತ್ ಅಡುಗೆಮನೆಗೆ ಎದ್ದು ಹೋದಳು. ಅಲ್ಲಿ ಸೆಕೆ ಮುಖಕ್ಕೆ ಬಡಿಯಿತು. ತಿರುಗಿ ಬಂದಳು. ಮರುದಿನ ಒಂದಕ್ಕೆ ಎರ್ಗಶನ ದನಿ ಹಗುರಾಗಿತ್ತು. "ಹನ್ನೊಂದು," ಎಂದ. ಮಗಳಿಗೆ ಬೊಂಬೆ ಕಳಿಸುವುದಾಗಿ ಹೇಳಿದ. ಅದರ ಮರುದಿನವೂ ಹಾಗೆಯೇ ಮಾತಾಡಿದ.

ಸಂಜೆ ಮೆಟ್ಟಿಲ ಬಳಿ ಎಲ್ಲ ಕೇಳಿದ ರುಫಿನಾ ಬಾಗಿಲ ಚೌಕಟ್ಟಿಗೆ ಒರಗಿ, "ಹಾಗಾದ್ರೆ ಅವನು ಸಂಸಾರ ಮಾಡ್ತಿರೋದು ಮೀಟರ್ ಜೊತೆ ಅನ್ನು. ನಿನ್ನ ಜೊತೆ ಅಲ್ಲ," ಎಂದಳು.

ಸಲೋಮತ್ ಒಳಗೆ ಹೋಗಿ ಬಹಳ ಹೊತ್ತು ಮಗಳ ತಲೆ ಬಾಚುತ್ತ ಕೂತಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳು ಫ್ಯಾನು ಆರಿಸಿದಳು. ಎಸಿ ಹಾಕಿ, ಪರದೆ ಎಳೆದಳು. ಬಟ್ಟೆ ಪೆಟ್ಟಿಗೆಯ ತಳದಿಂದ ನರ್ಸಿಂಗ್ ಪ್ರಮಾಣಪತ್ರವನ್ನೂ ಬಿಳಿ ನಿಲುವಂಗಿಯನ್ನೂ ತೆಗೆದು ಚೀಲಕ್ಕೆ ಹಾಕಿಕೊಂಡು, ಓಯ್ದಿನಳ ಕೈ ಹಿಡಿದು ಎದುರು ಮನೆಯ ಬಾಗಿಲು ತಟ್ಟಿದಳು.

"ಹನ್ನೆರಡೂವರೆಗೆ ಬಂದ್ಬಿಡ್ತೀನಿ ಅಕ್ಕ."

ರುಫಿನಾ ಅವಳ ಹೆಗಲಾಚೆ ಕಿವಿಗೊಟ್ಟಳು. "ಎಸಿ ಆರಿಸಿಲ್ಲ ನೀನು."

"ಇಲ್ಲ. ನಾನು ಮನೇಲಿದೀನಲ್ಲ."

ರುಫಿನಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಮಗುವನ್ನು ಒಳಗೆ ಕರೆದುಕೊಂಡಳು.

ಮೂರನೇ ಮಹಡಿಗೆ ಇಳಿದ ಸಲೋಮತ್ ಒಮ್ಮೆ ಹಿಂತಿರುಗಿ ನೋಡಿ, ಕಂಬಿ ಹಿಡಿದು ನಿಂತಳು. ಯಾರೂ ಕರೆಯಲಿಲ್ಲ. ಬೀದಿಯಲ್ಲಿ ಬಿಳಿ ಕಾರು ಕಂಡಾಗಲೆಲ್ಲ, ಮೈದುನನದಿರಬಹುದೆಂದು, ತಲೆಬಟ್ಟೆಯನ್ನು ಹಣೆಗೆ ಎಳೆದುಕೊಂಡಳು. ನದಿಯ ಕಡೆಯಿಂದ ಬಂದ ಬಿಸಿಗಾಳಿ ಮರಳು ತಂದು ಹಲ್ಲಿನ ನಡುವೆ ಹಾಕಿತು.

ಚಿಕಿತ್ಸಾಲಯದ ಹಿರಿಯ ನರ್ಸು ಮಸ್ತುರಾ ಅವಳನ್ನು ಗುರುತು ಹಿಡಿದಳು. ಪತ್ರವನ್ನು ಮೇಲೆ ಕೆಳಗೆ ನೋಡಿ, "ಬೆಳಗಿನ ಹೊತ್ತು ಮಾತ್ರನಾ? ಸರಿ, ಅದಾದ್ರೂ ಆಗ್ಲಿ," ಎಂದಳು. ಸ್ವಲ್ಪ ತಡೆದು, "ಗಂಡ ಒಪ್ಪಿದಾನಾ?" ಎಂದಳು.

ಗೋಡೆ ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು. ಒಂದಕ್ಕೆ ಎರ್ಗಶನ ಕರೆ. ಮನೆಗೆ ಇಪ್ಪತ್ತು ನಿಮಿಷದ ದಾರಿ, ನಾಲ್ಕು ಮಹಡಿ. ಸಲೋಮತ್ ಬಾಯಿ ತೆರೆಯುವ ಮೊದಲೇ ಸಾಲಿನಲ್ಲಿದ್ದ ಹುಡುಗಿಯಂಥ ತಾಯಿಯೊಬ್ಬಳು ಮುಂದೆ ನುಗ್ಗಿ, ಕೂಸನ್ನು ಅವಳ ತೋಳಿಗೆ ಹಾಕಿದಳು.

"ಅಕ್ಕ, ಸ್ವಲ್ಪ ಹಿಡ್ಕೊಳ್ಳಿ. ಚೀಟಿ ಎಲ್ಲಿಟ್ನೋ ಏನೋ."

ಅವಳು ಚೀಲದಲ್ಲಿ ತಡಕಾಡತೊಡಗಿದಳು. ಮಸ್ತುರಾ ಉತ್ತರಕ್ಕೆ ಕಾಯುತ್ತಿದ್ದಳು. ಬೆವರಿದ ಕೂಸು ಅಳದೆ, ಸಲೋಮತಳ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದು, ಬಿಡದೆ, ಅವಳನ್ನೇ ನೋಡುತ್ತಿತ್ತು.