ಕಟಿಂಗ್ ಟೇಬಲ್ ಖಾಲಿ ಇಲ್ಲ

ಸೋಮವಾರ ಕೆಲಸ ಬಿಟ್ಟುಹೋಗಿದ್ದ ಕಟಿಂಗ್ ಮಾಸ್ಟರ್ ಭಾವ ಗುರುವಾರ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರ ನಾದಿನಿಯಾದ ಹೊಲಿಗೆ ಅಂಗಡಿಯ ಒಡತಿಗೆ ಪಿತ್ತ ನೆತ್ತಿಗೇರಿತು.

"ಆ ಕಾಗದ ಕೊಡಮ್ಮ, ಹರಿದುಹಾಕ್ತೀನಿ. ಏನೋ ಕೋಪದಲ್ಲಿ ಬರೆದದ್ದು."

ಕಾಗದವೆಂದರೆ ಅಳತೆ ಬಿಡಿಸುವ ಕಂದು ಹಾಳೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಗೇಣುದ್ದದ ಅಕ್ಷರಗಳು: 'ರಾಜೀನಾಮೆ. ಈ ಹೆಂಗಸರ ಸಂತೆಯಲ್ಲಿ ಇನ್ನು ದುಡಿಯಲಾರೆ.' ಅದನ್ನು ಗಿರಾಕಿಗಳ ಎದುರಿಗೇ ಬಟ್ಟೆ ತೊಡಿಸಿಟ್ಟ ಗೊಂಬೆಯ ಎದೆಗೆ ಪಿನ್ನು ಚುಚ್ಚಿ ಹೋಗಿದ್ದರು.

ಕಾರಣ, ಮಖಮಲ್ಲಿನ ಒಂದು ಕೋಟು. ಮಖಮಲ್ಲಿನ ನವಿರುಗೂದಲಿಗೆ ದಿಕ್ಕುಂಟು. ಎರಡು ತೋಳನ್ನೂ ಒಂದೇ ದಿಕ್ಕಿಗೆ ಕತ್ತರಿಸಬೇಕು. ಬಟ್ಟೆ ಉಳಿಸಲು ಹೋಗಿ ಭಾವ ಒಂದನ್ನು ತಲೆಕೆಳಗಾಗಿ ಕತ್ತರಿಸಿದ್ದರು. ಬೆಳಕಿಗೆ ಹಿಡಿದರೆ ಒಂದು ತೋಳು ಕಪ್ಪು, ಇನ್ನೊಂದು ಬೂದು. ಭಾವ ಬೈದದ್ದು ಮಾತ್ರ ಹೊಲಿದವಳನ್ನು. "ಕತ್ತರಿಸಿದ್ದು ನೀವೇ ಅಲ್ವಾ, ಭಾವ?" ಎಂದು ಒಡತಿ ಕೇಳಿದ್ದೇ ತಪ್ಪಾಯಿತು.

"ಸಂತೆಗೆ ದಾರಿ ನೆನಪಿತ್ತಲ್ಲ," ಎಂದಳು ಈಗ.

"ಕುಟುಕಬೇಡ. ಬೇರೆ ಕಡೆ ಹೋದ್ರೆ ಗುಂಡಿಗೆ ಕಾಜಾ ಹೊಡೀರಿ ಅಂತಾರೆ. ನನಗೆ!"

ಅಷ್ಟು ಹೇಳಿ ಅವರು ಸೀದಾ ಕಟಿಂಗ್ ಟೇಬಲ್ಲಿಗೆ ನಡೆದರು. ಮೂರು ದಿನದಿಂದ ಅಲ್ಲಿ ಕತ್ತರಿಸುತ್ತಿದ್ದವಳು ಅದೇ ಬೈಸಿಕೊಂಡವಳು. "ಪಕ್ಕಕ್ಕೆ ಸರಿಯೇ," ಎಂದು ಭಾವ ಕೈ ಚಾಚಿದರು. ಅವಳು ಕತ್ತರಿ ನೀಡಹೋದಳು.

ಒಡತಿಗೆ ಮೈಯೆಲ್ಲ ಉರಿದದ್ದು ಆಗ. ಅಕ್ಕನ ಮುಖ ನೋಡಿಕೊಂಡು ಹನ್ನೆರಡು ವರ್ಷ ತಾನೂ ಭಾವ ಕೇಳಿದ್ದನ್ನೆಲ್ಲ ಹೀಗೇ ನೀಡುತ್ತ ಬಂದಿರಲಿಲ್ಲವೇ?

"ಕೊಟ್ರೆ ನಿನ್ನ ಕೈ ಮುರೀತೀನಿ!" ಎಂದು ಅವಳ ಮೇಲೆ ಹರಿಹಾಯ್ದಳು. ಆಮೇಲೆ ಭಾವನ ಕಡೆ ತಿರುಗಿ, "ಕಾಗದ ಬೇಕಾದ್ರೆ ಹರೀರಿ. ಟೇಬಲ್ ಖಾಲಿ ಇಲ್ಲ. ಮಿಶನ್ ಖಾಲಿ ಇದೆ."

"ಇವಳು ಕತ್ತರಿಸಿದ್ದನ್ನ ನಾನು ಹೊಲೀಬೇಕಾ?"

"ಹೂಂ."

"ನಿಮ್ಮಕ್ಕನಿಗೆ ಹೇಳ್ತೀನಿ."

"ಹೇಳಿ. ನನಗೂ ಹೇಳೋದು ಬೇಕಾದಷ್ಟಿದೆ."

ಭಾವ ಬಿರಬಿರನೆ ಬಾಗಿಲಿಗೆ ಹೋದರು. ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿ ಹಾಗೇ ನಿಂತರು. ಹೊಲಿಯುತ್ತಿದ್ದ ಹೆಂಗಸರೆಲ್ಲ ಮಿಶನ್ನು ನಿಲ್ಲಿಸಿ ನೋಡುತ್ತಿದ್ದರು.

"ಯಾವ ಮಿಶನ್ನು?" ಎಂದರು, ತಿರುಗದೆ.

"ಕಿಟಕಿ ಪಕ್ಕದ್ದು."

ಬಂದು ಕೂತರು. ಟೇಬಲ್ಲಿನವಳು ಕತ್ತರಿಸಿದ ತೋಳುಗಳ ಕಟ್ಟನ್ನು ಅವರ ಕಡೆ ತಳ್ಳಿದಳು. "ಇವತ್ತೇ ಬೇಕು, ಮಾಸ್ಟ್ರೇ."

ಒಡತಿಯ ಕೋಪ ಎಳ್ಳಷ್ಟೂ ಇಳಿದಿರಲಿಲ್ಲ. "ಏನು ನೋಡ್ತಿದ್ದೀರಿ ಎಲ್ಲ? ಹೊಲೀರಿ!" ಎಂದು ಗದರಿದಳು.