ಉಗುಳದೆ ಕೂತ ಒಂದು ಗಂಟೆ

ದವಡೆ ಹಲ್ಲಿಗೆ ಕೈಕಾಲು ಬರೆದವ್ರೆ, ಕಣ್ಣು ಬರೆದವ್ರೆ, ಅಷ್ಟು ಸಾಲ್ದು ಅಂತ ಆ ಹಲ್ಲಿಗೇ ಒಂದು ಬಾಯಿ ಬರೆದು ಬಾಯೊಳಗೆ ಸಣ್ಣ ಸಣ್ಣ ಹಲ್ಲು ಬರೆದವ್ರೆ, ಗೋಡೆ ಮೇಲಿನ ಪಟದಲ್ಲಿ ನಗ್ತಾ ಐತೆ ಮುಂಡೇದು, ಆ ಹಲ್ಲಿನ ಹಲ್ಲು ನೋವಾದ್ರೆ ಅದು ಎಲ್ಲಿಗೆ ಹೋಗ್ತದೋ — ನಗು ಬತ್ತದೆ, ನಗಬ್ಯಾಡ ಮಾರಮ್ಮ, ಕಚ್ಕೋ, ಬಟ್ಟೆ ಗಟ್ಟಿಯಾಗಿ ಕಚ್ಕೋ, ಒಂದು ಗಂಟೆ ಬಾಯಿ ತೆಗೀಬೇಡಿ ಅಮ್ಮ ಅಂದವ್ಳೆ ಡಾಕ್ಟ್ರವ್ವ ಶ್ರೇಯಾ, ಇನ್ನೂ ಹತ್ತು ನಿಮಿಷ ಆಗಿಲ್ಲ, ನಮ್ಮೂರು ಯಗಟೀಲಿ ನನ್ನ ಬಾಯಿ ಮುಚ್ಸೋಕೆ ಯಾರ ಕೈಲೂ ಆಗಿಲ್ಲ, ಕಟ್ಕೊಂಡ ಗಂಡನ ಕೈಲೂ ಆಗಿಲ್ಲ, ಕಡೂರಿಗೆ ಬಂದ್ರೆ ಒಂದಂಗುಲ ಬಿಳೀ ಬಟ್ಟೆ ಮುಚ್ಚಿಸಿಬಿಡ್ತು, ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಹಿರೇನಲ್ಲೂರಿನ ಅಜ್ಜಿ ಬೇರೆ ಯಾವೂರವ್ವ ನಿಂದು, ಯಾರ ಪೈಕಿ, ಯಾಕವ್ವ ಮಾತಾಡಕ್ಕಿಲ್ವಾ, ಸೊಕ್ಕಾ ಅಂತ ಕೇಳ್ತಾ ಐತೆ, ನನ್ನ ಸೊಸೆ ಮಾಲಿನಿ ಉತ್ರ ಹೇಳ್ತಾವ್ಳೆ, ನಮ್ಮತ್ತೆಗೆ ಈಗ ದವಡೆ ಹಲ್ಲು ಕಿತ್ತವ್ರೆ ಅಜ್ಜಿ, ಅವ್ರಿಗೆ ರಕ್ತ ಬಂದ್ರೆ ಬೇಗ ನಿಲ್ಲಲ್ಲ, ಪ್ಲೇಟ್ಲೆಟ್ ಕಮ್ಮಿ, ಅದಕ್ಕೇ ಮಾತಾಡಂಗಿಲ್ಲ. ಅಜ್ಜಿ ಒಂದು ಮೊಳ ದೂರ ಸರ್ಕೊಂಡ್ಳು. ಅಂಟೋ ರೋಗ ಅಲ್ಲ ಕಣಜ್ಜಿ ಅನ್ಬೇಕು, ಅನ್ನಂಗಿಲ್ಲ.

ಅಂಟಲ್ಲ, ಆದ್ರೆ ಹೋದ ಸಲ ಸಾಯ್ಸಿಬಿಡ್ತಿತ್ತು, ತರೀಕೆರೇಲಿ, ತಂಗಿ ಮನೇಲಿ, ಎರಡು ವರ್ಷದ ಹಿಂದೆ, ಅವತ್ತೂ ಹಲ್ಲೇ, ಆ ಕಡೆ ದವಡೇದು, ಮೈಮೇಲೆ ಆವಾಗ್ಲೇ ನೀಲಿ ಮಚ್ಚೆ ಏಳ್ತಿದ್ವು, ತೋಳಲ್ಲಿ, ತೊಡೇಲಿ, ನಲ್ಲಿ ಹತ್ರ ಹೆಂಗಸ್ರು ನೋಡಿ ಈರಪ್ಪಣ್ಣ ಹಿಂಗೆ ಹೊಡೀಬಾರ್ದಿತ್ತು ಅಂದ್ರು, ಪಾಪ ನನ್ನ ಗಂಡ, ಗುದ್ದೋಕೆ ಬಂದ ಟಗರಿಗೂ ಏಟು ಹಾಕ್ದೋನಲ್ಲ, ಊರೆಲ್ಲ ತಲೆ ತಗ್ಸಿಕೊಂಡು ಓಡಾಡ್ದ, ನಂಗೆ ನಗು, ಉದ್ದ ತೋಳಿನ ರವಿಕೆ ಹೊಲಿಸ್ಕೊಂಡೆ, ಹಲ್ಲು ಕೀಳೋ ಡಾಕ್ಟ್ರು ಏನಾದ್ರೂ ಕಾಯ್ಲೆ ಐತಾ ಅಂತ ಕೇಳ್ದಾಗ ತೋಳು ಮುಚ್ಕೊಂಡು ಏನೂ ಇಲ್ಲ ಅಂದೆ, ನಾನೇ ಅಂದೆ, ತಪ್ಪು ನಂದೇ, ಆಮೇಲೆ ಬಾಯಿ ತುಂಬ ರಕ್ತ, ಉಗುದೆ, ನುಂಗಬಾರ್ದು ಕಣೇ ಅಂತ ನಮ್ಮವ್ವ ಹೇಳಿದ್ದು, ನಮ್ಮ ಕಡೆ ಯಾರೂ ನುಂಗಲ್ಲ, ಬಾಯಿ ರಕ್ತ ನುಂಗಿದ್ರೆ ಹೊಟ್ಟೇಲಿ ಗಡ್ಡೆ ಕಟ್ತದೆ ಅಂತಾರೆ, ತಂಗಿ ಬೂದಿ ಹಾಕಿದ ತಟ್ಟೆ ಇಟ್ಳು, ಉಗುದೆ, ಎಲೆಅಡಿಕೆ ಜಗಿದು ಮೂವತ್ತು ವರ್ಷ ಉಗುದ ಬಾಯಿ ಇದು, ಉಗಿಯೋದು ಹೇಳ್ಕೊಡಬೇಕಾ, ಬೆಳಿಗ್ಗಿಂದ ಸಂಜೆ ತನಕ ಉಗುದೆ, ಬಿಸಿ ಉಪ್ಪುನೀರು ಮುಕ್ಕಳಿಸ್ದೆ, ಮತ್ತೆ ಉಗುದೆ, ಗಾಯ ಮುಚ್ಚೋಕೆ ಬಂದದ್ದನ್ನೆಲ್ಲ ನಾನೇ ಕಿತ್ತು ಕಿತ್ತು ಬೂದಿಗೆ ಹಾಕಿದ್ದು ಅಂತ ಆಮೇಲೆ ಗೊತ್ತಾಯ್ತು, ಶಿವಮೊಗ್ಗಕ್ಕೆ ಹೊತ್ಕೊಂಡೋದ್ರು, ರಕ್ತದ ಡಾಕ್ಟ್ರು ಹೇಳಿದ್ರು, ಪ್ಲೇಟ್ಲೆಟ್ಟು ಲಕ್ಷದ ಮೇಲಿರಬೇಕು, ನಿಮಗೆ ಒಂಬತ್ತು ಸಾವಿರ ಅದೆ.

ಒಂಬತ್ತು ಸಾವಿರ ಅಂದ್ರೆ ನಾನು ಮೈಯೆಲ್ಲ ಸೇರಿ ಅನ್ಕೊಂಡಿದ್ದೆ, ಅಲ್ವಂತೆ, ಸಾಸಿವೆಗಿಂತ ಸಣ್ಣ ಹನೀಲಿ ಅಂತೆ, ಶಿವನೇ, ಸಾಸಿವೆಗಿಂತ ಸಣ್ಣ ಹನೀಲಿ ಲಕ್ಷ ಲಕ್ಷ, ನಾನು ಕುಡುಗೋಲು ತಗುಲಿಸ್ಕೊಂಡಾಗೆಲ್ಲ ಅವು ಬಂದು ಮುಚ್ತಿದ್ವು, ಮೂರು ಹೆತ್ತೆ, ಮೂರು ಸಲಾನೂ ಅವೇ ಬಂದು ಮುಚ್ಚಿದ್ವು, ಒಂದಿನ ನಾನು ಕರೀಲಿಲ್ಲ, ಕೈ ಮುಗೀಲಿಲ್ಲ, ಇಂಥವು ಒಳಗವೆ ಅಂತ್ಲೇ ಗೊತ್ತಿರ್ಲಿಲ್ಲ — ಎಲ್ಲಿ ತೂತು ಬಿದ್ರೂ ಓಡಿ ಬಂದು ಒಂದಕ್ಕೊಂದು ಅಂಟ್ಕೊಂಡು ನಿಂತ್ಕೋತವೆ ಅಮ್ಮ ಅಂತ ಈ ಹುಡುಗಿ ಡಾಕ್ಟ್ರವ್ವ ಹೇಳ್ದಾಗ ನಂಗೆ ನಮ್ಮ ರೊಪ್ಪದ ಬೇಲಿ ಕಂಡಿ ಬಿದ್ದಾಗ ಕುರಿಗಳೆಲ್ಲ ನುಗ್ಗಿ ಬಂದು ಕಂಡೀಲೇ ಸಿಕ್ಕಾಕ್ಕೊಂಡು ನಿಲ್ಲೋದು ನೆನಪಾಯ್ತು, ಮತ್ತೆ ನಂಗ್ಯಾಕೆ ಕಮ್ಮಿ ಅಂದ್ರೆ ನಿಮ್ಮ ಮೈ ಕಾಯೋದೇ ಅವನ್ನ ಶತ್ರು ಅಂತ ತಿಳ್ಕೊಂಡು ತಿಂತಾ ಇದೆ ಅಂದ್ಳು, ಅಲ್ಲಾ, ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ ತಾಯಿ ಅಂದೆ, ಹೂಂ ಅಮ್ಮ ಹಂಗೇ ಅಂದ್ಳು, ನಗ್ಲಿಲ್ಲ. ಈ ಹಲ್ಲು ತೋರ್ಸೋಕೆ ಬಂದಾಗ ಇವಳು ಮೊದಲು ಕೀಳಲ್ಲ ಅಂದೋಳೇ, ನೋವಿಗೆ ತಲೆ ಸಿಡೀತಿದ್ರೂ ಅಂಗಡಿ ಮಾತ್ರೆ ತಗೋಬೇಡಿ, ಕೆಲವು ನೋವಿನ ಮಾತ್ರೆ ರಕ್ತ ನಿಲ್ಲೋಕೇ ಬಿಡಲ್ಲ, ಶಿವಮೊಗ್ಗದ ಡಾಕ್ಟ್ರು ಬರೆದು ಕೊಡೋ ತನಕ ನಾನು ಮುಟ್ಟಲ್ಲ ಅಂದ್ಳು, ಮನಸ್ನಲ್ಲೇ ಬೈದಿದ್ದೆ, ನಿನ್ನ ಕೈ ಸೇದೋಗ ಅಂತ, ತಪ್ಪಾಯ್ತು ಕಣವ್ವ, ಆಮೇಲೆ ಅವರಿಬ್ರೂ ನನ್ನ ಒಂದು ಹುಳುಕು ಹಲ್ಲಿನ ಸಲುವಾಗಿ ಫೋನಲ್ಲಿ ಕಾಲು ಗಂಟೆ ಮಾತಾಡ್ಕೊಂಡ್ರಂತೆ, ಅಷ್ಟು ಓದಿದೋರು, ನನ್ನ ಹಲ್ಲಿಗೆ, ಪ್ಲೇಟ್ಲೆಟ್ ಏರ್ಲಿ ಅಂತ ಮಾತ್ರೆ ನುಂಗಿಸಿದ್ರು, ಆ ಮಾತ್ರೆಗೆ ಮುಖ ಊದಿ ಕುಂಬಳಕಾಯಾಯ್ತು, ಮೊನ್ನೆ ರಕ್ತ ತೆಗ್ದ್ರೆ ಅರವತ್ತೆರಡು ಸಾವಿರ, ಇಷ್ಟಿದ್ರೆ ಕೀಳಬಹುದು ಅಂತ ಬರೆದು ಕೊಟ್ರು, ಅದಕ್ಕೇ ರಜೆ ದೂರ ಇರೋ ಮಂಗಳವಾರ, ಅದಕ್ಕೇ ಬೆಳಿಗ್ಗೇನೇ ನಾನೇ ಮೊದಲು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇಡೀ ಹಗಲು ಕೈಲಿರ್ತದೆ ಅಂತ. ಹೆಚ್ಚುಕಮ್ಮಿ ಅಂತ ಅವಳು ಅಂದಾಗಿಂದ ಆ ಬೂದಿ ತಟ್ಟೇನೇ ಕಣ್ಮುಂದೆ ಐತೆ.

ತುಂಬ್ತಾ ಐತೆ. ಬಾಯಿ ತುಂಬ್ತಾ ಐತೆ, ನಾಲಿಗೆ ಕೆಳಗೆ ಬೆಚ್ಚಗೆ, ಕಬ್ಬಿಣದ ರುಚಿ, ಆವತ್ತಿನ ರುಚಿ, ಉಗೀಬೇಕು, ಮೂಲೇಲಿ ಬೇಸಿನ್ ಐತೆ, ನಾಕೇ ಹೆಜ್ಜೆ, ಎದ್ದೆ, ಎದ್ದಿದ್ದೇ ಗೊತ್ತಿಲ್ಲ, ಮಾಲಿನಿ ಸೆರಗು ಹಿಡಿದು ಎಳೆದ್ಳು, ಅತ್ತೆ, ಕೂತ್ಕಳಿ, ಉಗೀಬೇಡಿ ನುಂಗಿ ಅಂದವ್ರೆ ಡಾಕ್ಟ್ರು, ಅತ್ತೆ ನಿಮ್ಮ ಕಾಲಿಗೆ ಬೀಳ್ತೀನಿ, ಪಕ್ಕದ ಅಜ್ಜಿ ಉಗುಳ್ಲಿ ಬಿಡೇ, ರಕ್ತ ನುಂಗೋಕೆ ಅವಳೇನು ರಾಕ್ಷಸೀನಾ ಅಂತು, ಅಜ್ಜಿ ಹೇಳೋದು ಸರಿ, ಅವ್ವನೂ ಅದನ್ನೇ ಹೇಳಿದ್ದು, ಐವತ್ತೆರಡು ವರ್ಷ ನಾನೂ ಅದನ್ನೇ ನಂಬಿದ್ದು, ನಂಬಿ ಉಗುದು ಶಿವಮೊಗ್ಗ ಸೇರಿದ್ದು, ಅವ್ವಾ ಕ್ಷಮಿಸು — ನುಂಗ್ದೆ. ಹೋಯ್ತು ಒಳಗೆ. ನನ್ನದು ನನಗೇ ವಾಪಸ್ ಹೋಯ್ತು. ಕಣ್ಣಲ್ಲಿ ನೀರು ಬಂತು, ಕೂತೆ, ಇನ್ನೊಂದು ಸಲ ನುಂಗ್ದೆ, ಅದು ಅಷ್ಟು ಬೆಚ್ಚಗಿರ್ಲಿಲ್ಲ, ಮೂರನೇದು ಬರೀ ಎಂಜಲಂಗಿತ್ತು, ಇಲ್ಲ, ನಾನೇ ಹಂಗೆ ಅನ್ಕೋತಿದೀನೇನೋ, ಹೊರಗೆ ಎಲ್ಲೋ ರೈಲು ಕೂಗ್ತು, ಬಟ್ಟೆ ಕೆಳಗೆ ಏನು ನಡೀತಾ ಐತೋ, ಬತ್ತಾ ಅವ್ಯಾ, ಅರವತ್ತೆರಡು ಸಾವಿರ ಸಾಕಾ, ಬರ್ರಪ್ಪ, ಬರ್ರಿ, ನಾನು ಅಲುಗಾಡಲ್ಲ, ಇವತ್ತು ನಿಮ್ಮನ್ನ ಉಗಿಯಲ್ಲ.

ಗಂಟೆ ಆಯ್ತು ಬನ್ನಿ ಅಮ್ಮ ಅಂದ್ಳು, ಕುರ್ಚಿ ಹಿಂದಕ್ಕೆ ವಾಲ್ತು, ಮುಖದ ಮೇಲೆ ದೀಪ, ಬಟ್ಟೆ ಅಂಟ್ಕೊಂಡಿದೆ, ಎಳೆಯಲ್ಲ ಹೆದರ್ಬೇಡಿ ಅಂತ ಒಂದೊಂದೇ ಹನಿ ನೀರು ಬಿಟ್ಟು ನೆನೆಸಿ ನೆನೆಸಿ ಬಿಡಿಸಿದ್ಳು, ಆಮೇಲೆ ನೋಡ್ತಾವ್ಳೆ, ಬರೀ ನೋಡ್ತಾವ್ಳೆ, ಮೂಗಿನ ತನಕ ಮುಚ್ಕೊಂಡವ್ಳೆ, ಕಣ್ಣಷ್ಟೇ ಕಾಣ್ತವೆ, ಆ ಕಣ್ಣನ್ನೇ ನಾನು ನೋಡ್ತಾ ಇದೀನಿ, ಹೇಳೇ, ಏನಾದ್ರೂ ಹೇಳೇ ತಾಯಿ, ಬಾಗಿಲಲ್ಲಿ ಮಾಲಿನಿ ಇಣುಕ್ತಾವ್ಳೆ, ಒಂದು ನಿಮಿಷ, ಎರಡು, ಐದು — ನಿಂತಿದೆ ಅಮ್ಮ, ಅಂದ್ಳು, ನಾನು ಎರಡು ಹೊಲಿಗೆ ಹಾಕಿದ್ದಷ್ಟೇ, ಉಳಿದದ್ದು ನೀವೇ ಮಾಡಿದ್ದು, ನೋಡಿ, ಅಂತ ಸಣ್ಣ ಕನ್ನಡಿ ಕೈಗೆ ಕೊಟ್ಳು. ಮೂರು ದಿನ ಬಿಸಿ ಕುಡೀಬೇಡಿ, ಎಲೆಅಡಿಕೆ ಮುಟ್ಟಬೇಡಿ ಅಂತ ಏನೇನೋ ಹೇಳ್ತಾವ್ಳೆ, ಮಾಲಿನಿ ಹೂಂ ಹೂಂ ಅಂತ ಅಳ್ತಾವ್ಳೆ, ನಾನು ನೋಡ್ತಾ ಇದೀನಿ, ಹಲ್ಲಿದ್ದ ಗುಳಿ, ಗುಳಿ ತುಂಬ ಕಪ್ಪಗೆ, ಕಪ್ಪಲ್ಲ, ಕೆಂಪು ಮಾಗಿ ಮಾಗಿ ಕಪ್ಪಾದಂಗೆ, ಮಿಣಮಿಣ ಅಂತ, ಹರೀತಿಲ್ಲ, ಇನ್ನು ಮಾತಾಡಬಹುದು ಅಮ್ಮ ಅಂತಾವ್ಳೆ, ಬಾಯಿ ತೆಗ್ದೇ ಐತೆ, ಮಾತು ಬತ್ತಿಲ್ಲ, ಕನ್ನಡಿ ಕೊಡಿ ಅತ್ತೆ ಅಂತಾವ್ಳೆ ಮಾಲಿನಿ, ತಾಳು, ಗುಳಿ ತುಂಬ, ಹರೀತಿಲ್ಲ, ನನ್ನ ರಕ್ತ, ನಿಂತೈತೆ