ಗೆರೆಯೊಳಗಿನ ಬಿಳುಪು

ವಾಡಿಯಲ್ಲಿ ಹುಟ್ಟಿ ಬೆಳೆದವರಿಗೆ ಆಕಾಶ ಬೆಳ್ಳಗೆ ಕಂಡರೆ ಅದು ಸಿಮೆಂಟ್ ಕಾರ್ಖಾನೆಯ ಧೂಳು. ಮೋಡವೋ ಮಂಜೋ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಣಹಾಕಿದ ಬಟ್ಟೆ ಜಾಡಿಸಿ ಒಳಗೆ ಒಯ್ಯುತ್ತಾರೆ, ಅಷ್ಟೇ. ರಾಧಿಕಾಳೂ ಅಲ್ಲಿಯವಳೇ.

ಈಗ ಅವಳು ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಕೋಣೆ ಹಿಡಿದಿದ್ದಾಳೆ. ಬೇಸಿಗೆಯಲ್ಲಿ ಚಿಂಚೋಳಿ ಕಾಡಿಗೆ ಬೆಂಕಿ ಬಿದ್ದಾಗ ಉಪಗ್ರಹದ ಚಿತ್ರ ನೋಡಿ, ಹೊಗೆ ಯಾವ ಕಡೆ ಹೊರಟಿದೆ ಎಂದು ಊರೂರಿಗೆ ಮೆಸೇಜ್ ಕಳಿಸುವುದು ಕೆಲಸ. ಮೊದಲ ವರ್ಷ ಕಂಪ್ಯೂಟರ್ ದಿನಬೆಳಗಾದರೆ ಸೇಡಂ, ವಾಡಿ, ಶಹಾಬಾದದ ಮೇಲಿನ ಧೂಳನ್ನೇ ಹೊಗೆಯೆಂದು ತೋರಿಸಿ ಅವಳ ಮಾನ ಕಳೆಯಿತು. ಜನ ನಕ್ಕರು. ಧೂಳಿನಲ್ಲೇ ಬೆಳೆದವಳಿಗೆ ಇಷ್ಟೂ ತಿಳಿಯಬಾರದೇ? ಸೇಡಂನಿಂದ ಚಿತ್ತಾಪುರ, ವಾಡಿ ಹಾಯ್ದು ಶಹಾಬಾದದವರೆಗೆ ಸುತ್ತ ಒಂದು ಗೆರೆ ಎಳೆದು, ಇದರೊಳಗಿನ ಬಿಳುಪೆಲ್ಲ ಧೂಳು, ತೋರಿಸಬೇಡ ಎಂದು ಕಂಪ್ಯೂಟರಿಗೆ ಹೇಳಿಬಿಟ್ಟಳು. ಆಮೇಲೆ ಯಾರೂ ನಗಲಿಲ್ಲ. ಸ್ವಲ್ಪ ಜಂಬವೂ ಬಂತು. ಕೆಲದಿನಕ್ಕೆ ಗೆರೆ ಮರೆತೇ ಹೋಯಿತು.

ಈ ಮಾರ್ಚಿನಲ್ಲಿ ಬೆಂಕಿ ಜೋರಾಗಿಯೇ ಬಿತ್ತು. ಈಶಾನ್ಯದ ಗಾಳಿ. ಬೆಳಗಿನ ಚಿತ್ರದಲ್ಲಿ ಹೊಗೆ ಸೇಡಂ ಮುಟ್ಟಿ ನಿಂತಿತ್ತು. ಅಲ್ಲಿನ ಹಳ್ಳಿಗಳಿಗೆ ಬಾಗಿಲು ಮುಚ್ಚಿಕೊಳ್ಳಲು ತಿಳಿಸಿ, ರಾಧಿಕಾ ವಾಡಿಯ ಅವ್ವನಿಗೆ ಫೋನ್ ಹಚ್ಚಿದಳು. ಅವ್ವ ಲಾಲಮ್ಮನಿಗೆ ದಮ್ಮು. ಹೋದ ವರ್ಷ ಒಲೆಯ ಹೊಗೆಗೇ ಉಸಿರು ಕಟ್ಟಿ, ಬದುಕಿಸಿಕೊಳ್ಳುವಷ್ಟರಲ್ಲಿ ಸಾಕುಬೇಕಾಗಿ ಹೋಗಿತ್ತು. ಹೊಗೆ ಕಾಯುವ ಈ ಕೆಲಸವನ್ನು ರಾಧಿಕಾ ಹಿಡಿದದ್ದೂ ಅರ್ಧ ಅವ್ವನಿಗಾಗಿಯೇ.

“ಜೈತುನ್ಬೀ ಸಂಗಟ ಮಾಳಗಿ ಮ್ಯಾಲ ಸಂಡಗಿ ಹಾಕೋದದ. ಹಾಕ್ಲೇನವಾ?” ಎಂದಳು ಲಾಲಮ್ಮ. ಜೈತುನ್ಬೀ ಪಕ್ಕದ ಮನೆಯವಳು.

“ಹಾಕು. ಹೊಗಿ ಸೇಡಂ ದಾಟಿಲ್ಲ.”

“ಯಾಕೋ ಎಲಿ ಸುಟ್ಟಂಗ ವಾಸನಿ ಬರಲಿಕತ್ತದ.”

“ಯಾರರೆ ಕಸ ಸುಡಲಿಕತ್ತಿರಬೇಕು. ನಾ ಮ್ಯಾಲಿಂದ ನೋಡಲಿಕತ್ತೀನಲ್ಲ ಎವ್ವಾ.”

ಮಗಳು ಅಷ್ಟು ಹೇಳಿದ ಮೇಲೆ ಲಾಲಮ್ಮ ಮಾತು ಬೆಳೆಸಲಿಲ್ಲ.

ಮಧ್ಯಾಹ್ನ ಹೊಸ ಚಿತ್ರ ಬಂತು. ಸೇಡಂನಲ್ಲಿ ನಿಂತ ಹೊಗೆ, ವಾಡಿಯ ಆಚೆ ಭೀಮಾ ದಂಡೆಯ ಮೇಲೆ ಮತ್ತೆ ಕಾಣಿಸಿಕೊಂಡಿತ್ತು. ನಡುವೆ ಏನೂ ಇಲ್ಲ. ಹೊಗೆ ಹಾಗೆ ಜಿಗಿಯುವುದಿಲ್ಲ. ಆಗ ಅವಳಿಗೆ ಗೆರೆ ನೆನಪಾಯಿತು. ಅಳಿಸಿದಳು. ಚಿತ್ತಾಪುರ, ವಾಡಿ, ಶಹಾಬಾದ ಮೂರೂ ಹೊಗೆಯಡಿ ಮುಚ್ಚಿಹೋಗಿದ್ದವು. ರಾಧಿಕಾಳಿಗೆ ಹೆದರಿಕೆಯಾಯಿತು.

ಅವ್ವನ ಫೋನನ್ನು ಜೈತುನ್ಬೀ ಎತ್ತಿದಳು.

“ದವಾಖಾನಿದಾಗ ಇದ್ದೀವವಾ. ದಮ್ಮು ಹತ್ತ್ಯಾದ. ಮೂಗಿಗಿ ಹವಾ ಹಚ್ಚ್ಯಾರ, ಇನ್ನಾ ಮಾತಾಡವಲ್ಲಳು.”

“ಹೊಗಿ ಬಂದಾಗ ಕೆಳಗ ಇಳಿಸಬೇಕಿಲ್ಲೇನು?”



“ಭಾಳ ಹೇಳ್ದೆ. ಕಣ್ಣು ಉರೀಲಿಕತ್ತಾವ, ನಡಿ ಅಂದೆ. ನಮ್ಮ ರಾಧಿಕಾ ಹೊಗಿ ಇಲ್ಲಂದಾಳ, ಇದು ಹೊಗಿ ಇರಲಿಕ್ಕಿಲ್ಲ ಅಂತ ಕೆಮ್ಮಕೋತ ಅಲ್ಲೇ ಕುಂತಳು.”